ಗುಡ್ಡದೊಳಗೆ ಇಣುಕಲು ಯಾವುದು ಮೇಲು: ಕರೆಂಟ್, ರೇಡಾರ್, ಸುತ್ತಿಗೆ?

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲಿ ಎಲ್ಲಕ್ಕಿಂತ ಎತ್ತರದ ಫೆಲ್ಡ್‌ಬರ್ಗ್ 1,493 ಮೀಟರ್ ಅಷ್ಟೇ. ಆದರೂ ಸುಮಾರು 20,000 ವರ್ಷಗಳ ಹಿಂದೆ ಹಿಮನದಿ ಹರಿದದ್ದು ಅಲ್ಲಿ, ನಮ್ಮಲ್ಲಲ್ಲ. ಆ ಬೆಟ್ಟ ಇರುವುದು 48 ಡಿಗ್ರಿ ಉತ್ತರದಲ್ಲಿ, ನಾವಿರುವುದು 13ರಲ್ಲಿ. ಅಲ್ಲಿನ ಟಿಟಿಸೀ ಸರೋವರಕ್ಕೆ ಇವತ್ತಿಗೂ ಕಟ್ಟೆಯಾಗಿ ನಿಂತಿರುವುದು ಹಿಮನದಿ ತಳ್ಳಿ ತಂದು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ. ಇದಕ್ಕೆ ಮೊರೇನ್ ಅನ್ನುತ್ತಾರೆ.

ಎಲ್ಲ ಮೊರೇನ್‌ಗಳೂ ಹಾಗೆ ಎದ್ದು ಕಾಣುವುದಿಲ್ಲ. ಕಾಡು ಬೆಳೆದು, ಮಳೆಗೆ ಸವೆದ ಒಂದು ಉಬ್ಬು ಮೊರೇನೋ, ಜರಿದ ಗುಡ್ಡವೋ, ಬರೀ ಬಂಡೆಯೋ ಅಂತ ಮೇಲಿಂದ ಹೇಳುವುದು ಕಷ್ಟ. ಸಿಕ್ಕಸಿಕ್ಕಲ್ಲಿ ಅಗೆಯಲೂ ಆಗಲ್ಲ. ಹಾಗಾಗಿ ಮೇಲಿಂದಲೇ ಒಳಗನ್ನು ಅಳೆಯುವ ಉಪಕರಣಗಳನ್ನು ಬಳಸುತ್ತಾರೆ.

ಅದೇ ಜಾತಿಯ ಉಪಕರಣಗಳನ್ನು ನಾನು ಮೂಡಿಗೆರೆ, ಸಕಲೇಶಪುರದ ಕಾಫಿ ಇಳಿಜಾರುಗಳಲ್ಲಿ ಬಳಸಿದ್ದೇನೆ. ಹಿಮ ಹುಡುಕಲಿಕ್ಕಲ್ಲ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡ ಜರಿದ ಮೇಲೆ, ಸಡಿಲ ಮಣ್ಣು ಎಲ್ಲಿವರೆಗೆ, ಬಂಡೆ ಎಲ್ಲಿಂದ ಅನ್ನುವ ಪ್ರಶ್ನೆ ಎಲ್ಲರಿಗೂ ಬಂತು. ಜರಿದ ರಾಶಿಯೂ ಮೊರೇನ್ ತರಹವೇ: ಆಳೆತ್ತರದ ಕಲ್ಲಿನಿಂದ ಹಿಡಿದು ಜೇಡಿಯವರೆಗೆ ಎಲ್ಲ ಕಲಸಿಹೋಗಿರುತ್ತದೆ.

ಮೊದಲು ರೆಸಿಸ್ಟಿವಿಟಿ, ಅಂದರೆ ನೆಲಕ್ಕೆ ಕರೆಂಟ್ ಕೊಟ್ಟು ಅದು ಎಷ್ಟು ಅಡ್ಡಿ ಮಾಡುತ್ತದೆ ಅಂತ ಅಳೆಯುವುದು. ಬೋರ್‌ವೆಲ್ ಪಾಯಿಂಟ್ ನೋಡುವವರು ತರುವ ಯಂತ್ರದ ದೊಡ್ಡಣ್ಣ ಇದು. 48 ಕಬ್ಬಿಣದ ಗೂಟಗಳನ್ನು 5 ಮೀಟರ್‌ಗೆ ಒಂದರಂತೆ ಬಡಿದು ಕೇಬಲ್ ಎಳೆದರೆ 235 ಮೀಟರ್ ಉದ್ದದ ಸಾಲು. ಸುಮಾರು 40 ಮೀಟರ್ ಆಳದವರೆಗೆ ಚಿತ್ರ ಸಿಗುತ್ತದೆ. ನಮ್ಮ ಒದ್ದೆ ಶೇಡಿ ಮಣ್ಣು (ಜಂಬಿಟ್ಟಿಗೆಯ ಅಡಿ ಸಿಗುವ ಮೆತ್ತನೆಯ ಜೇಡಿ) ಕರೆಂಟನ್ನು ಸುಲಭವಾಗಿ ಬಿಡುತ್ತದೆ, ಗಟ್ಟಿ ಬಂಡೆ ಬಿಡುವುದಿಲ್ಲ. ಶೇಡಿ ಮಣ್ಣು ಕೆಲವು ಹತ್ತು ಓಮ್-ಮೀಟರ್‌ನಿಂದ ನೂರರ ಆಸುಪಾಸು, ಬಂಡೆ ಸಾವಿರಗಳ ಲೆಕ್ಕ. ಇಷ್ಟು ಅಂತರ ಇದ್ದರೆ ಬೇರೆ ಮಾಡಿ ಗುರುತಿಸುವುದು ಸಲೀಸು. ಫಲಿತಾಂಶ ಸರಿಯೋ ತಪ್ಪೋ ನೋಡಲು ಪಕ್ಕದ ತೋಟದ ಬೋರ್‌ವೆಲ್‌ಗೆ ಎಷ್ಟು ಅಡಿ ಕೇಸಿಂಗ್ (ಸಡಿಲ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಇಳಿದಿದೆ ಅಂತ ಕೇಳಿದರೆ ಸಾಕು. ಕೇಸಿಂಗ್ ನಿಂತಲ್ಲಿ ಬಂಡೆ ಅಂತಲೇ ಅರ್ಥ ಅಲ್ವಾ?

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಗೂಟದ ಬುಡಕ್ಕೆ ಉಪ್ಪುನೀರು ಹಾಕಬೇಕು. ಸೋಲಾರ್ ಬೇಲಿ ಆನ್ ಇದ್ದರೆ ರೀಡಿಂಗ್ ಕುಣಿಯುತ್ತದೆ. ನೆಲದ ಮೇಲೆ ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪು ಗೂಟಗಳಿಗೆ ತಾಗಿಕೊಂಡು ಬಿದ್ದಿದ್ದರಂತೂ ಕರೆಂಟು ಅದರಲ್ಲೇ ಓಡಿಬಿಡುತ್ತದೆ. ಇವೆಲ್ಲ ಸರಿಮಾಡಿಕೊಳ್ಳುವಂಥವು. ಸರಿಮಾಡಲಾಗದ್ದು ಒಂದಿದೆ: ಸಂದಿನಲ್ಲಿ ಗಾಳಿ ತುಂಬಿದ ಒಣ ಕಲ್ಲುರಾಶಿಯೂ ಕರೆಂಟ್ ಬಿಡುವುದಿಲ್ಲ. ಯಂತ್ರಕ್ಕೆ ಅದೂ ಬಂಡೆಯೇ. ಬ್ಲ್ಯಾಕ್ ಫಾರೆಸ್ಟ್, ಫ್ರಾನ್ಸ್‌ನ ವೋಜ್ ಥರದ ಗ್ರಾನೈಟ್ ಬೆಟ್ಟಗಳಲ್ಲಿ ದೊಡ್ಡ ಕಲ್ಲುಗಳ ಮೊರೇನ್ ಇದ್ದರೆ, ಬರೀ ರೆಸಿಸ್ಟಿವಿಟಿ ನಂಬಿ ಕೂರುವಂತಿಲ್ಲ.

ಆ ಗೊಂದಲ ಬಿಡಿಸುವುದು ಸುತ್ತಿಗೆ. ಎಂಟು ಕೆಜಿ ಸುತ್ತಿಗೆಯಿಂದ ಲೋಹದ ತಟ್ಟೆಗೆ ಹೊಡೆಯುವುದು, ಸಾಲಾಗಿ ನೆಟ್ಟ 24 ಜಿಯೋಫೋನ್‌ಗಳಿಗೆ (ನೆಲದ ಕಂಪನ ಹಿಡಿಯುವ ಸೆನ್ಸರ್‌ಗಳಿಗೆ) ಕಂಪನ ಯಾವಾಗ ತಲುಪಿತು ಅಂತ ನೋಡುವುದು. ಸಡಿಲ ರಾಶಿಯಲ್ಲಿ ಅಲೆ ಸೆಕೆಂಡಿಗೆ ಕೆಲವು ನೂರು ಮೀಟರ್ ಹೋದರೆ, ಗಟ್ಟಿ ಗ್ರಾನೈಟ್‌ನಲ್ಲಿ 4,500 ದಾಟುತ್ತದೆ. ಕರೆಂಟಿಗೆ ಒಂದೇ ಥರ ಕಂಡ ಎರಡು ಇಲ್ಲಿ ಬೇರೆಯಾಗುತ್ತವೆ. ಆದರೆ ಕೈ ಸೋಲುತ್ತದೆ, ಆಳ ಹದಿನೈದು ಇಪ್ಪತ್ತು ಮೀಟರ್‌ಗೆ ನಿಲ್ಲುತ್ತದೆ. ಗಾಳಿ ಬೀಸಿದರೆ ಸಿಲ್ವರ್ ಓಕ್ ಬೇರುಗಳೇ ನೆಲ ಅಲ್ಲಾಡಿಸುತ್ತವೆ.

ನನಗೆ ಇದರ ಮೇಲಿರುವ ದೊಡ್ಡ ಅನುಮಾನ ಬೇರೆ. ಈ ವಿಧಾನಕ್ಕೆ ಕೆಳಗೆ ಹೋದಂತೆ ವೇಗ ಹೆಚ್ಚುತ್ತಲೇ ಇರಬೇಕು. ನಮ್ಮಲ್ಲಿ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರಡಿ ಮೆತ್ತನೆಯ ಶೇಡಿ. ಆ ಮೆತ್ತನೆಯದು ಲೆಕ್ಕಕ್ಕೇ ಸಿಗುವುದಿಲ್ಲ. ಜರಿಯುವುದು ಅದೇ! ಹಿಮನದಿಯ ಭಾರಕ್ಕೆ ಒತ್ತಿಹೋದ ಮಣ್ಣಿನಡಿ ಪುಡಿ ಗ್ರಾನೈಟ್ ಉಳಿದಿದ್ದರೆ ಅಲ್ಲೂ ಇದೇ ಪಾಡು.

ರೇಡಾರ್ ಎಲ್ಲರ ಮುದ್ದಿನ ಕೂಸು. ನೆಲದೊಳಕ್ಕೆ ರೇಡಿಯೋ ಅಲೆ ಬಿಟ್ಟು, ಮರಳಿ ಬರುವ ಪ್ರತಿಫಲನ ಹಿಡಿಯುವ ಯಂತ್ರ ಇದು. ನಡೆಯುತ್ತಾ ಹೋದಂತೆ ಪರದೆಯ ಮೇಲೆ ಚಿತ್ರ ಬರುತ್ತದೆ, ನೋಡಲು ಚೆಂದ. ಇಲ್ಲಿ ಮಾತ್ರ ಬಾಡಿಗೆ ದುಡ್ಡು ದಂಡ. 100 ಮೆಗಾಹರ್ಟ್ಸ್ ಆಂಟೆನಾ ಇಟ್ಟರೂ ಒದ್ದೆ ಕೆಂಪು ಜೇಡಿಯಲ್ಲಿ ಎರಡು ಮೀಟರ್ ದಾಟುವಷ್ಟರಲ್ಲಿ ಅಲೆಯ ಕಸುವೆಲ್ಲ ಇಂಗಿಹೋಯಿತು. ಕಾಫಿ ಗಿಡಗಳ ನಡುವೆ ಎಳೆಯಲು ಜಾಗವಿಲ್ಲದೆ ತೋಟದ ರಸ್ತೆಯಲ್ಲೇ ಓಡಿಸಬೇಕಾಯಿತು. ಮೇಲಾಗಿ ಮರದ ಕಾಂಡಗಳಿಂದ ಬಂದ ಪ್ರತಿಫಲನವೂ ನೆಲದೊಳಗಿನದೇ ಅನ್ನುವ ಹಾಗೆ ಕಾಣುತ್ತದೆ.

ಹಾಗಂತ ರೇಡಾರ್ ಕೆಟ್ಟದ್ದಲ್ಲ. ನೆಲದ ಮೇಲೆ ನಿಂತು ರೇಡಿಯೋ ಅಲೆಯಿಂದ ಆಳ ಅಳೆಯುವ ಕೆಲಸ ಶುರುವಾದದ್ದೇ ಹಿಮನದಿಯ ಮೇಲೆ, 1929ರಲ್ಲಿ, ಆಸ್ಟ್ರಿಯಾದಲ್ಲಿ. ಮೊರೇನ್ ಹಿಂದೆ ನೀರು ನಿಂತು ಬೆಳೆದ ಪೀಟ್ (ಅರೆಕೊಳೆತ ಗಿಡಗಳ ಪದರ) ಜೌಗಿನ ದಪ್ಪ ಅಳೆಯಲು ಇದಕ್ಕೆ ಸಾಟಿ ಇಲ್ಲ. ಮರಳು ಜಾಸ್ತಿ ಇರುವ ಗ್ರಾನೈಟ್ ರಾಶಿಯಲ್ಲೂ ಚೆನ್ನಾಗಿ ಇಳಿಯುತ್ತದೆ.

ಇನ್ನೊಂದಿದೆ, ಸುತ್ತಿಗೆಯೂ ಬೇಡದ್ದು. ಪುಟ್ಟ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಇಪ್ಪತ್ತು ನಿಮಿಷ ಸುಮ್ನೆ ಕೂತರೆ ಭೂಮಿಯ ಸಣ್ಣ ನಡುಕವನ್ನು ದಾಖಲಿಸುತ್ತದೆ. ಜಪಾನಿನ ನಾಕಾಮುರಾ 1989ರಲ್ಲಿ ಜನಪ್ರಿಯಗೊಳಿಸಿದ ವಿಧಾನ. ಸಡಿಲ ಪದರ ಯಾವ ಆವರ್ತನದಲ್ಲಿ ಹೆಚ್ಚು ಅಲುಗುತ್ತದೆ ಅನ್ನುವುದರಿಂದ ದಪ್ಪ ಲೆಕ್ಕ ಹಾಕುತ್ತಾರೆ. ಅಡ್ಡ ಅಲೆಯ (ನೆಲವನ್ನು ಅಡ್ಡಡ್ಡ ಅಲುಗಿಸುತ್ತಾ ಸಾಗುವ ಅಲೆ) ವೇಗವನ್ನು ಆವರ್ತನದ ನಾಲ್ಕು ಪಟ್ಟಿನಿಂದ ಭಾಗಿಸಬೇಕು: ವೇಗ ಸೆಕೆಂಡಿಗೆ 300 ಮೀಟರ್, ಆವರ್ತನ 5 ಹರ್ಟ್ಸ್ ಆದರೆ ದಪ್ಪ 15 ಮೀಟರ್. ಹಿಮನದಿ ಕೊಳೆತ ಕಲ್ಲನ್ನು (ನೀರು, ಗಾಳಿಗೆ ಮೆತ್ತಗಾದ ಬಂಡೆಯನ್ನು) ಕೆರೆದು ಹೊತ್ತೊಯ್ದು, ಗಟ್ಟಿ ಬಂಡೆಯ ಮೇಲೆ ರಾಶಿ ಸುರಿದಲ್ಲಿ ಗ್ರಾಫಿನ ಶಿಖರ ಚೂಪಾಗಿ ಬರುತ್ತದೆ. ನಮ್ಮಲ್ಲಿ ಕೆರೆಯುವವರೇ ಇರಲಿಲ್ಲ. ಕೊಳೆತ ಕಲ್ಲು ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ, ಗೆರೆ ಎಳೆದ ಹಾಗಿರುವುದಿಲ್ಲ. ನನಗೆ ಸಿಕ್ಕಿದ್ದು ಚಪ್ಪಟೆ ಗ್ರಾಫ್.

ಇದೇ ಕಾರಣಕ್ಕೆ, ಯುರೋಪಿನ ವರದಿ ಓದಿ ಇಲ್ಲಿ ಯಂತ್ರ ತರಿಸಬೇಡಿ ಅನ್ನುತ್ತೇನೆ. ಹಾಸನ, ಚಿಕ್ಕಮಗಳೂರಿನ ಇಳಿಜಾರಿಗೆ ಒಂದೇ ಯಂತ್ರಕ್ಕೆ ದುಡ್ಡಿದ್ದರೆ ರೆಸಿಸ್ಟಿವಿಟಿ. ಜಂಬಿಟ್ಟಿಗೆ ಇಲ್ಲದ ಕಡೆ, ಕಲ್ಲುರಾಶಿ ಅನುಮಾನ ಬಂದಲ್ಲಿ, ಅದೇ ಸಾಲಿನಲ್ಲಿ ಸುತ್ತಿಗೆಯನ್ನೂ ಓಡಿಸಿ. ಮೊರೇನ್ ನೋಡಲು ಯುರೋಪಿಗೆ ಹೋಗುವ ವಿದ್ಯಾರ್ಥಿಯಾದರೆ ಜೌಗಿಗೆ ರೇಡಾರ್, ದಿಬ್ಬಕ್ಕೆ ಸುತ್ತಿಗೆ ಮತ್ತು ಕರೆಂಟ್ ಜೊತೆಯಾಗಿ. ಇಲ್ಲಿ ಮಾಡುವವರು ಕಾಫಿ ಕೊಯ್ಲು ಮುಗಿದ ಮೇಲೆ, ಸ್ಪ್ರಿಂಕ್ಲರ್ ಪೈಪು ಹಾಸುವ ಮೊದಲು ಹೋಗಿ.