ತ್ರಿಪಲ್ ರೋಡ್ ಟ್ರೈನ್: ಸ್ಟುವರ್ಟ್ ಹೈವೇ ಡ್ರೈವರ್ ರಿವ್ಯೂ

ಆಸ್ಟ್ರೇಲಿಯಾದಲ್ಲಿ ದಕ್ಷಿಣದ ಪೋರ್ಟ್ ಆಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗಿನ ಸ್ಟುವರ್ಟ್ ಹೈವೇಲಿ ವರ್ಷಗಟ್ಲೆಯಿಂದ ತ್ರಿಪಲ್ ರೋಡ್ ಟ್ರೈನ್, ಅಂದ್ರೆ ಒಂದೇ ಲಾರಿ ಹಿಂದೆ ಸಾಲಾಗಿ ಮೂರು ಟ್ರೇಲರ್ ಎಳೆಯೋ ಗಾಡಿ, ಓಡಿಸ್ತಿದೀನಿ. 53.5 ಮೀಟರ್ ಉದ್ದ, ಮೂರು ಟ್ರೇಲರ್, ಮಧ್ಯೆ ಎರಡು ಡಾಲಿ (ಹಿಂದಿನ ಟ್ರೇಲರ್‌ನ ಮುಂಭಾಗ ಹೊತ್ತು ಮುಂದಿನದಕ್ಕೆ ಜೋಡ್ಸೋ ಚಕ್ರದ ಗಾಡಿ), ನಮ್ ಗಾಡೀಲಿ ಒಟ್ಟು 62 ಟಯರ್. ಒಂದೇ ಇಂಜಿನ್, ಒಬ್ನೇ ಡ್ರೈವರ್, ಮೂರು ಲೋಡು, ಟನ್ ಲೆಕ್ಕದಲ್ಲಿ ಡೀಸೆಲ್ ಕಮ್ಮಿ ಬೀಳುತ್ತೆ, ಓನರ್‌ಗೆ ಖುಷಿಯೋ ಖುಷಿ.

ದಾರೀಲಿ ಸಿಗೋ ಕೂಬರ್ ಪೀಡಿ ಊರು ದಾಟಿದ್ರೆ ರೋಡು ನೆಟ್ಟಗೆ ಖಾಲಿ, ಉದ್ದ ಇದೆ ಅನ್ನೋದೇ ಮರ್ತೋಗುತ್ತೆ. ಆದ್ರೆ ಸ್ಟೀರಿಂಗ್ ಒಂಚೂರು ಜರ್ಕ್ ಹೊಡೆದ್ರೂ ಕೊನೇ ಟ್ರೇಲರ್ ಬಾಲ ಬೀಸ್ದಂಗೆ ಬೀಸುತ್ತೆ, ಅದಕ್ಕೆ ಸಂಜೆ ಕಾಂಗರೂ ಅಡ್ಡ ಬಂತು ಅಂತ ಪಕ್ಕಕ್ಕೆ ಎಳೆಯೋ ಹಂಗಿಲ್ಲ, ಪಾಪ ಅನ್ಸಿದ್ರೂ ನೇರ ಹೋಗ್ಬೇಕು. ಮುಂದೆ ಬುಲ್ ಬಾರ್ ಅನ್ನೋ ಗಟ್ಟಿ ಕಂಬಿ ಇರೋದೇ ಅದಕ್ಕೆ. ಬೇಲಿ ಇಲ್ದಿರೋ ಕಡೆ ರಾತ್ರಿ ದನ ನಿಂತಿರುತ್ತಲ್ಲ, ಅದು ಮಾತ್ರ ಬೇರೆ ಭಯ. ಓವರ್‌ಟೇಕ್ ಮಾಡೋ ಕಾರಿನವ್ರೇ, ಯುಎಚ್‌ಎಫ್ ರೇಡಿಯೋದ 40ನೇ ಚಾನೆಲಲ್ಲಿ ಒಂದ್ ಮಾತು ಹೇಳ್ರಪ್ಪ, ಮುಂದೆ ಖಾಲಿ ಇದ್ಯಾ ನಾವೇ ಹೇಳ್ತೀವಿ.

ನಿಜವಾದ ತಲೆನೋವು ರೋಡಲ್ಲಿಲ್ಲ, ರೋಡು ಮುಗಿಯೋ ಕಡೆ ಇದೆ. ತ್ರಿಪಲ್‌ನ ಪೋರ್ಟ್ ಆಗಸ್ಟಾದಿಂದ ಕೆಳಗೆ ಅಡಿಲೇಡ್ ಕಡೆಗೆ ಬಿಡಲ್ಲ, ಟ್ರೇಲರ್ ಅಲ್ಲೇ ಬಿಚ್ಬೇಕು. ಬ್ರೇಕ್ ಹಾಕಿ, ಏರ್ ಪೈಪ್ ಕಳಚಿ, ಲೈಟ್ ವೈರ್ ಕಿತ್ತು, ಡಾಲಿಯ ಪಿನ್ ಎಳೀಬೇಕು, ನೆಲ ಒಂಚೂರು ಇಳಿಜಾರಿದ್ರೆ ಪಿನ್ ಕಚ್ಕೊಂಡು ಬರೋದೇ ಇಲ್ಲ, ಬಿಸ್ಲಿಗೆ ಕಬ್ಬಿಣ ಕಾದಿರುತ್ತೆ, ಗ್ಲೌಸ್ ಮರ್ತ್ರೆ ಬೊಬ್ಬೆ ಗ್ಯಾರಂಟಿ. ವಾಪಸ್ ಹೋಗೋವಾಗ ಮತ್ತೆ ಜೋಡ್ಸು, ಟ್ರೇಲರ್ ಬ್ರೇಕ್ ಹಿಡ್ದು ಮೆಲ್ಲಗೆ ಎಳೆದು ನೋಡು, 62 ಟಯರೂ ಸುತ್ತಿ ನೋಡು. ತಪ್ಪು ಗೇಟಿಗೆ ನುಗ್ಗಿದ್ರಂತೂ ದೇವ್ರೇ ಗತಿ, ಮೂರು ಟ್ರೇಲರ್ ಇಟ್ಕೊಂಡು ರಿವರ್ಸ್ ಹಾಕ್ತೀನಿ ಅನ್ನೋನನ್ನ ನಂಬ್ಬೇಡಿ.

ಊರಿಂದ ನಮ್ ಭಾವ ಫೋನ್ ಮಾಡ್ದಾಗೆಲ್ಲ "ಅದನ್ನ ಇಲ್ಲೂ ತರ್ಬೋದಲ್ವೇನೋ" ಅಂತಾರೆ. ಶಿರಾಡಿ ಘಾಟಲ್ಲಿ ಒಂದು ಸಾದಾ ಟ್ರೇಲರ್ ಕೆಟ್ಟು ನಿಂತ್ರೇ ಹಾಸನದಿಂದ ಮಂಗ್ಳೂರು ಹೋಗೋರ ಗತಿ ಏನಾಗುತ್ತೆ ಅಂತ ನಿಮಗೇ ಗೊತ್ತಲ್ಲ ಭಾವ.

ಡಾರ್ವಿನ್‌ವರೆಗೂ 2004ರಿಂದ ಗೂಡ್ಸ್ ರೈಲು ಓಡ್ತಿದೆ, ಆದ್ರೂ ನಮ್ ಕೆಲ್ಸ ನಿಂತಿಲ್ಲ, ಯಾಕಂದ್ರೆ ಮಣ್ಣು ರೋಡಲ್ಲಿ ದನದ ಫಾರಂ ಒಳಗೇ ಹೋಗಿ ದನ ತುಂಬ್ಕೊಂಡು ಬರೋಕೆ ರೈಲಿಗಾಗಲ್ಲ.

ಐದಕ್ಕೆ ನಾಲ್ಕು ಸ್ಟಾರ್. ತ್ರಿಪಲ್ ಓಡಿಸ್ಬೇಕು ಅನ್ನೋರು ಎಂಸಿ (ಮಲ್ಟಿ-ಕಾಂಬಿನೇಷನ್) ಲೈಸೆನ್ಸ್ ಮಾಡಿಸ್ಕೊಂಡು, ಮೊದ್ಲು ಬಿ-ಡಬಲ್ (ಎರಡು ಟ್ರೇಲರ್ ಗಾಡಿ) ಓಡ್ಸಿ ಕೈ ಕುದುರಿಸ್ಕೊಳ್ಳಿ. ಆಮೇಲೆ ಕೆಲ್ಸ ಕೇಳೋಕೆ ಹೋದಾಗ ಸಂಬಳಕ್ಕಿಂತ ಮುಂಚೆ ಬಿಚ್ಚೋ ಜೋಡ್ಸೋ ಟೈಮಿಗೂ ದುಡ್ಡು ಕೊಡ್ತೀರಾ, ಬರೀ ಕಿಲೋಮೀಟರ್‌ಗಾ ಅಂತ ಕೇಳಿ.