ಪಾರ್ಟಿ ಸ್ಟೇಜಾ, ಹೊರಗಿನ ಸ್ಟೇಜಾ?

ಹಾಸನದ ನಮ್ ಹುಡುಗ್ರ ಬ್ಯಾಂಡಿಗೆ ಎಲೆಕ್ಷನ್ ಟೈಮಲ್ಲಿ ಒಂದು ಪಾರ್ಟಿಯಿಂದ ಕರೆ ಬಂದಿದೆ, ಹೋಗೋದಾ ಬೇಡ್ವಾ ಅಂತಾರೆ. ಮಿಡ್‌ನೈಟ್ ಆಯಿಲ್ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಪೀಟರ್ ಗ್ಯಾರೆಟ್ ನೋಡಿ, ಅಣುಶಕ್ತಿ ಬೇಡ ಅಂತ ಕೂಗಾಡ್ತಿದ್ದ ಮನುಷ್ಯ 2004ರಲ್ಲಿ ಆಸ್ಟ್ರೇಲಿಯಾದ ಲೇಬರ್ ಪಾರ್ಟಿಯಿಂದ ಎಂಪಿ ಆದ್ರು, 2007ರಲ್ಲಿ ಪರಿಸರ ಮಂತ್ರಿ, 2009ರಲ್ಲಿ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟಿದ್ದೂ ಅವ್ರೇ! ಒಳಗೆ ಹೋದ್ರೆ ಅಧಿಕಾರ ಸಿಗತ್ತೆ ನಿಜ, ಆದ್ರೆ ಪಾರ್ಟಿ ಹೇಳಿದ್ದಕ್ಕೆಲ್ಲ ತಲೆ ಆಡಿಸ್ಬೇಕು.

ಅಮೆರಿಕದ ರಾಕ್ ಬ್ಯಾಂಡ್ ರೇಜ್ ಅಗೇನ್‌ಸ್ಟ್ ದ ಮಷೀನ್‌ನೋರು 2000ದಲ್ಲಿ ಲಾಸ್ ಏಂಜಲೀಸಲ್ಲಿ ಡೆಮಾಕ್ರಟಿಕ್ ಪಾರ್ಟಿ ಸಮಾವೇಶದ ಹೊರಗೇ ನಿಂತು ನುಡಿಸಿದ್ರು, ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಾರ್ಟಿ ಮೇಲೆ ಸಿಟ್ಟು. ಬಾಯಿ ಕಟ್ಟೋರಿಲ್ಲ, ಕೈಲಿ ಅಧಿಕಾರನೂ ಇಲ್ಲ. ನಂಗಂತೂ ಹೊರಗೇ ಇಷ್ಟ.

ಬಿ.ಎಂ. ರೋಡಲ್ಲಿ ಟೀ ಕುಡೀತಾ ಇದನ್ನೇ ಹೇಳ್ದೆ. ಡ್ರಮ್ಸ್ ಹುಡುಗ "ಅಣ್ಣ, ಅವ್ರು ಸೌಂಡ್ ಸಿಸ್ಟಮ್ ಫ್ರೀ ಕೊಡ್ತಾರಲ್ಲ" ಅಂದ.