ಗ್ರನಾಡಾದ ಬಾನ್ಯುವೇಲೊ: ನಕ್ಷತ್ರದ ಕಿಂಡಿಗಳ ಹಮಾಮು

ಸ್ಪೇನಿನ ಗ್ರನಾಡಾದಲ್ಲಿ, ದಾರ್ರೊ ನದಿಯಂಚಿನ ಇಕ್ಕಟ್ಟಾದ ಬೀದಿಯಲ್ಲಿ, ಸಾಧಾರಣ ಮನೆಯೊಂದರ ಹಿಂದೆ ಅಡಗಿರುವ ಈ ಹಳೆಯ ಹಮಾಮನ್ನು, ಅಂದರೆ ಹಬೆಯ ಸ್ನಾನಗೃಹವನ್ನು, ಸುತ್ತಿ ನೋಡಲು ಅರ್ಧ ಗಂಟೆ ಧಾರಾಳವಾಗಿ ಸಾಕು. ನಾನು ಮಾತ್ರ ಬೆಚ್ಚನೆಯ ಕೋಣೆಯೊಂದರಲ್ಲೇ ಅಷ್ಟು ಹೊತ್ತು ಕಳೆದೆ. ತಣ್ಣನೆಯ ಮತ್ತು ಬಿಸಿ ಕೋಣೆಗಳ ನಡುವಿನ ಈ ಕೋಣೆಯೇ ಎಲ್ಲಕ್ಕಿಂತ ದೊಡ್ಡದು. ಇದರ ಕಮಾನುಗಳನ್ನು ಹೊತ್ತ ಕಂಬಗಳ ತಲೆಯ ಬೋದಿಗೆಗಳು ಒಂದರಂತೆ ಇನ್ನೊಂದಿಲ್ಲ, ಏಕೆಂದರೆ ಅವನ್ನು ರೋಮನ್, ವಿಸಿಗೋಥಿಕ್ (ರೋಮನ್ನರ ನಂತರ ಸ್ಪೇನನ್ನು ಆಳಿದ ಜರ್ಮಾನಿಕ್ ಜನರ) ಮತ್ತು ಮುಸ್ಲಿಂ ಖಲೀಫರ ಕಾಲದ ಕಟ್ಟಡಗಳಿಂದ ತಂದು ಕೂಡಿಸಲಾಗಿದೆ; ಆ ಹೊಂದಿಕೆಯಿಲ್ಲದಿರುವಿಕೆಯೇ ನನಗೆ ಹೆಚ್ಚು ಹಿಡಿಸಿತು. ಚಾವಣಿಯ ನಕ್ಷತ್ರಾಕಾರದ ಕಿಂಡಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು ನೆಲದ ಮೇಲೆ ಚುಕ್ಕೆಯಿಡುತ್ತದೆ. ಹಿಂದೆ ಹಬೆಯನ್ನು ಹೊರಬಿಡುತ್ತಿದ್ದುದೂ ಇವುಗಳಿಂದಲೇ. 1918ರಿಂದ ರಾಷ್ಟ್ರೀಯ ಸ್ಮಾರಕವಾಗಿರುವ ಇಲ್ಲಿ ಸ್ನಾನಕ್ಕೆ ಅವಕಾಶವಿಲ್ಲ.